ಓಡಲು ಕಲಿಸಿದೆವು, ನಿಲ್ಲಲು ಕಲಿಸಿದೆವೇ?

(ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಕಲಾ ಮತ್ತು ಕ್ರೀಡಾ ಸಂಘವೊಂದರ ವಾರ್ಷಿಕ ಸಭೆಯಲ್ಲಿ, ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟಕ್ಕೆ ಮುನ್ನ ಫಿಸಿಯೋಥೆರಪಿಸ್ಟ್ ಒಬ್ಬರು ನೀಡಿದ ಉಪನ್ಯಾಸದ ಬರಹ ರೂಪ)

ಸಂಘದ ಹಿರಿಯರೇ, ಪದಾಧಿಕಾರಿಗಳೇ, ಶಾಲೆಗಳಿಂದ ಬಂದಿರುವ ದೈಹಿಕ ಶಿಕ್ಷಕರೇ, ಮುಂದಿನ ಸಾಲುಗಳಲ್ಲಿ ಕುಳಿತಿರುವ ಆಟಗಾರ ತಮ್ಮಂದಿರೇ, ತಂಗಿಯರೇ,

ನನ್ನ ಕೆಲಸದ ಸ್ವಭಾವವೇ ಹಾಗಿದೆ, ಆಟಗಾರರು ನನ್ನ ಬಳಿಗೆ ಬರುವುದು ಗಾಯವಾದ ಮೇಲೆ. ಅಂಕಣದಲ್ಲಿ ಅವರು ಹೇಗೆ ಆಡುತ್ತಾರೆಂದು ಅನೇಕ ಸಲ ನನಗೆ ಗೊತ್ತೇ ಇರುವುದಿಲ್ಲ. ಊದಿದ ಮೊಣಕಾಲಿನ ಮೂಲಕವೇ ಪರಿಚಯ. ಇಂದು ನೀವು ಗಾಯಕ್ಕೆ ಮೊದಲೇ ನನ್ನನ್ನು ಕರೆದಿದ್ದೀರಿ. ಈ ಸಂತೋಷ ದೊಡ್ಡದು. ಆದ್ದರಿಂದ ಬ್ಯಾಂಡೇಜು, ಮಾತ್ರೆಗಳ ವಿಚಾರವನ್ನು ಕೊನೆಗಿಟ್ಟುಕೊಂಡು ಆಟದ ವಿಚಾರದಿಂದಲೇ ಶುರು ಮಾಡುತ್ತೇನೆ.

ಗಾಯವನ್ನು ತಡೆಯುವ ತರಬೇತಿ ಬೇರೆ, ಚೆನ್ನಾಗಿ ಆಡುವ ತರಬೇತಿ ಬೇರೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಮೊದಲನೆಯದು ಹೆದರುವವರಿಗೆ, ಎರಡನೆಯದು ಗೆಲ್ಲುವವರಿಗೆ ಎಂದು ಹುಡುಗರು ತಿಳಿದಿದ್ದಾರೆ. ನಾನು ಹೇಳಲು ಬಂದಿರುವುದು ಇದಕ್ಕೆ ತದ್ವಿರುದ್ಧವಾದ ಮಾತು. ಓಡುತ್ತಿರುವ ದೇಹವನ್ನು ನಿಲ್ಲಿಸುವುದು, ದಿಕ್ಕು ಬದಲಿಸುವುದು, ನೆಗೆದು ನೆಲಕ್ಕಿಳಿಯುವುದು, ಬೀಳುವುದು, ಇವು ಕೌಶಲಗಳು. ರೈಡ್ ಮಾಡುವುದನ್ನು, ಎಂದರೆ ಎದುರಾಳಿಗಳ ಕಡೆಗೆ ನುಗ್ಗಿ ಮುಟ್ಟಿ ಬರುವುದನ್ನು, ಕಲಿಸುವಷ್ಟೇ ಶ್ರದ್ಧೆಯಿಂದ ಇವನ್ನೂ ಕಲಿಸಬೇಕು. ಇವು ಬಂದವನು ಹೆಚ್ಚು ಅಂಕ ತರುತ್ತಾನೆ, ಅವನ ಮೊಣಕಾಲೂ ಉಳಿಯುತ್ತದೆ. ನಾವು ಮಕ್ಕಳಿಗೆ ನುಗ್ಗಲು ಕಲಿಸಿದ್ದೇವೆ, ಹಿಡಿಯಲು ಕಲಿಸಿದ್ದೇವೆ. ನಿಲ್ಲಲು ಕಲಿಸಿದ್ದನ್ನು ನಾನು ನಮ್ಮ ಮೈದಾನಗಳಲ್ಲಿ ಬಹಳ ಅಪರೂಪವಾಗಿ ನೋಡಿದ್ದೇನೆ.

ಒಂದು ರೈಡನ್ನು ನಿಧಾನವಾಗಿ ನೋಡೋಣ. ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ರೈಡರ್ ದಾಟಲೇಬೇಕಾದ ಬಾಕ್ ಲೈನ್ ನಡುಗೆರೆಯಿಂದ 3.75 ಮೀಟರ್ ದೂರದಲ್ಲಿದೆ, ಅದರಾಚೆ ಒಂದು ಮೀಟರಿಗೆ ಹೆಚ್ಚುವರಿ ಅಂಕದ ಬೋನಸ್ ಗೆರೆ. ಅಂದರೆ ಬೋನಸ್‌ಗೆ ಕಾಲು ಚಾಚುವ ರೈಡರ್ ಐದು ಮೀಟರಿನಷ್ಟು ಒಳಗೆ ಹೋಗಿರುತ್ತಾನೆ. ಸಮಯ 30 ಸೆಕೆಂಡು. ಎಡಗಾಲು ಚಾಚಿ ಬೋನಸ್ ಮುಟ್ಟಿದ, ಬಲಗಾಲು ಗಾಳಿಯಲ್ಲಿದೆ, ಎದುರಾಳಿ ಸಾಲಿನ ತುದಿಯಲ್ಲಿ ನಿಂತ ಕಾರ್ನರ್ ಆಟಗಾರ ಪಾದಕ್ಕೆ ಕೈ ಹಾಕುತ್ತಿದ್ದಾನೆ. ಈಗ ಅವನು ತಿರುಗಿ ಬರಬೇಕು. ಮುಂದಕ್ಕೆ ಹೋಗುತ್ತಿದ್ದ ಅಷ್ಟೂ ವೇಗವನ್ನು ಒಂದೇ ಕಾಲು ನೆಲಕ್ಕೂರಿ ತಡೆದು, ಸೊಂಟವನ್ನು ತನ್ನ ತಂಡದ ಕಡೆಗೆ ತಿರುಗಿಸಬೇಕು. ಕಾಲು ಊರುವಾಗ ಮೊಣಕಾಲು ಹೆಚ್ಚು ಮಡಚಿಲ್ಲ, ಮೈಭಾರ ಒಂದು ಪಕ್ಕಕ್ಕೆ ವಾಲಿದೆ, ಪಾದ ಹೊರಮುಖವಾಗಿ ಅಂಟಿಕೊಂಡಿದೆ, ತೊಡೆ ಮಾತ್ರ ಒಳಕ್ಕೆ ತಿರುಗುತ್ತಿದೆ. ಮೊಣಕಾಲು ಒಳಗೆ ಕುಸಿಯುತ್ತದೆ. ಪಕ್ಕದಲ್ಲಿದ್ದವರಿಗೂ ಕೇಳುವ ಹಾಗೆ ಕೆಲವೊಮ್ಮೆ 'ಟಪ್' ಎನ್ನುತ್ತದೆ. ಆ ಹೊತ್ತಿಗೆ ಯಾರೂ ಅವನನ್ನು ಮುಟ್ಟಿಯೇ ಇಲ್ಲದಿರಬಹುದು.

ನಮ್ಮ ಹುಡುಗರು 'ಲಿಗಮೆಂಟ್ ಹೋಯಿತು' ಎನ್ನುವುದು ಇದನ್ನೇ. ಮೊಣಕಾಲಿನ ಒಳಗೆ ಅಡ್ಡಡ್ಡವಾಗಿ ಹಾದುಹೋಗುವ ಎಸಿಎಲ್ ಎಂಬ ಲಿಗಮೆಂಟ್ (ಮೂಳೆಗಳನ್ನು ಬಿಗಿದಿಡುವ ಪಟ್ಟಿ) ಹರಿದಿರುತ್ತದೆ. ಜಗತ್ತಿನಾದ್ಯಂತ ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್, ಹ್ಯಾಂಡ್‌ಬಾಲ್ ಆಟಗಳ ವಿಡಿಯೋಗಳನ್ನು ಹಿಂದೆ ಮುಂದೆ ಓಡಿಸಿ ನೋಡಿದವರು ಕಂಡುಕೊಂಡ ಸಂಗತಿ ಎರಡು. ಒಂದು, ಎಸಿಎಲ್ ಗಾಯಗಳಲ್ಲಿ ಹೆಚ್ಚಿನ ಪಾಲು ಎದುರಾಳಿ ಮೊಣಕಾಲಿಗೆ ಬಡಿದು ಆಗುವುದಲ್ಲ; ಆಟಗಾರ ತಾನೇ ನಿಲ್ಲುವಾಗ, ತಿರುಗುವಾಗ, ಇಳಿಯುವಾಗ ಆಗುವುದು. ಇನ್ನೊಂದು, ಪಾದ ನೆಲ ಮುಟ್ಟಿದ ಮೇಲೆ ಸುಮಾರು 40 ಮಿಲಿಸೆಕೆಂಡಿನಲ್ಲಿ ಅದು ಮುಗಿದುಹೋಗುತ್ತದೆ. ಕಣ್ಣೆದುರಿನ ಅಪಾಯ ಅರಿವಿಗೆ ಬಂದು ನಾವು ಬೇಕೆಂದೇ ಸ್ನಾಯು ಬಿಗಿ ಮಾಡಲು ಇದರ ಮೂರು ನಾಲ್ಕು ಪಟ್ಟು ಹೊತ್ತು ಬೇಕು. ಆದ್ದರಿಂದ 'ಜಾಗ್ರತೆಯಾಗಿ ಆಡು ಮಗನೇ' ಎನ್ನುವ ಬುದ್ಧಿಮಾತಿನಿಂದ ಆ ಕ್ಷಣದಲ್ಲಿ ಏನೂ ಪ್ರಯೋಜನವಿಲ್ಲ. ಕಾಲು ನೆಲ ಮುಟ್ಟುವ ಮೊದಲೇ ದೇಹ ಸರಿಯಾದ ಭಂಗಿಗೆ ಬಂದಿರಬೇಕು, ಅದು ತಿಂಗಳುಗಟ್ಟಲೆ ಮಾಡಿದ ಅಭ್ಯಾಸದಿಂದ ಮಾತ್ರ ಬರುತ್ತದೆ.

ಈ ಅಭ್ಯಾಸದ ಬೆಲೆ ನಮ್ಮ ಊರಿಗೆ ಹೊಸದೇನಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಿದು. ತೆಂಕುತಿಟ್ಟು ಯಕ್ಷಗಾನದ ಪುಂಡುವೇಷಧಾರಿ ಧೀಂಗಿಣ ಹಾಕುವುದನ್ನು, ಎಂದರೆ ಸುತ್ತುತ್ತಾ ನೆಗೆಯುವುದನ್ನು, ನಾವೆಲ್ಲ ಗದ್ದೆಯಲ್ಲಿ ಚಾಪೆ ಹಾಸಿ ಕುಳಿತು ನೋಡಿದವರು. ಮೈಮೇಲೆ ವೇಷದ ಭಾರ, ಕಾಲಲ್ಲಿ ಗೆಜ್ಜೆ, ಚೆಂಡೆಯ ಪೆಟ್ಟಿಗೆ ಸರಿಯಾಗಿ ನೆಗೆತ. ಪ್ರೇಕ್ಷಕರು ಚಪ್ಪಾಳೆ ತಟ್ಟುವುದು ಎತ್ತರಕ್ಕೆ, ಆದರೆ ಗುರುಗಳು ನೋಡುವುದು ಇಳಿತವನ್ನು. ಎರಡೂ ಮೊಣಕಾಲು ಮಡಚಿ, ಮುಂಗಾಲಿನಿಂದ ಹಿಮ್ಮಡಿಗೆ ಭಾರ ಸರಿಸಿ, ತಾಳ ತಪ್ಪದೆ ಮುಂದಿನ ಹೆಜ್ಜೆಗೆ ಸಿದ್ಧನಾಗಿ ಇಳಿಯದಿದ್ದರೆ ಮುಂದಿನ ನೆಗೆತವೇ ಇಲ್ಲ. ಇಳಿಯಲು ಬಾರದವನಿಗೆ ಯಕ್ಷಗಾನ ಕಲಿಕಾ ಕೇಂದ್ರದಲ್ಲಿ ಧೀಂಗಿಣ ಕಲಿಸುವುದೇ ಇಲ್ಲ. ಕಬಡ್ಡಿಯಲ್ಲಿ, ವಾಲಿಬಾಲಿನಲ್ಲಿ ನಾವು ಈ ಶಿಸ್ತನ್ನು ಯಾಕೆ ಬಿಟ್ಟುಬಿಟ್ಟೆವು?

ಸರಿಯಾಗಿ ನಿಲ್ಲುವುದೆಂದರೆ ಏನೆಂದು ಇಲ್ಲೇ ತೋರಿಸುತ್ತೇನೆ. (ಇಲ್ಲಿ ಇಬ್ಬರು ಆಟಗಾರರನ್ನು ವೇದಿಕೆಗೆ ಕರೆದು ಮಾಡಿಸಿ ತೋರಿಸಲಾಯಿತು.) ಇವರಿಬ್ಬರೂ ಈ ವೇದಿಕೆಯ ಮೆಟ್ಟಿಲಿನಿಂದ ಕೆಳಗೆ ನೆಗೆಯುತ್ತಾರೆ, ನೀವು ಕಣ್ಣುಮುಚ್ಚಿ ಸದ್ದು ಮಾತ್ರ ಕೇಳಿ. ಮೊದಲನೆಯವನು ಇಳಿದಾಗ 'ಧಡ್' ಎಂದಿತು, ಎರಡನೆಯವನದು ಕೇಳಿಸಲೇ ಇಲ್ಲ ಎನ್ನುವಷ್ಟು ಕಡಿಮೆ. ಸದ್ದು ಹೆಚ್ಚಿದ್ದಷ್ಟೂ ಮೂಳೆ ಮತ್ತು ಲಿಗಮೆಂಟ್ ಹೆಚ್ಚು ಪೆಟ್ಟು ತಿಂದಿವೆ. ಸದ್ದು ಕಡಿಮೆಯಾದಾಗ ಆ ಪೆಟ್ಟನ್ನು ತೊಡೆ, ನಿತಂಬದ ಸ್ನಾಯುಗಳು ಹಂಚಿಕೊಂಡಿವೆ. ಕೋಚ್ ಆದವರಿಗೆ ಯಾವ ಯಂತ್ರವೂ ಬೇಡ, ಕಿವಿ ಸಾಕು. ಈಗ ಇದೇ ಹುಡುಗ ಒಂದೇ ಕಾಲಿನಲ್ಲಿ ನಿಂತು ಅರ್ಧ ಕುಕ್ಕುರುಗಾಲಿನಷ್ಟು ಬಗ್ಗಲಿ. ಮೊಣಕಾಲು ಎಲ್ಲಿಗೆ ಹೋಗುತ್ತಿದೆ ನೋಡಿ. ಎರಡನೇ ಬೆರಳಿನ ನೇರಕ್ಕೆ ಇರಬೇಕಾದದ್ದು ಹೆಬ್ಬೆರಳನ್ನೂ ದಾಟಿ ಒಳಕ್ಕೆ ಓಡುತ್ತಿದೆ. ತಮ್ಮಾ, ನಿನ್ನ ಸೊಂಟದ ಪಕ್ಕದ ಸ್ನಾಯು ಬಲವಾಗಬೇಕು. ಇದನ್ನು ಮನೆಯ ಕನ್ನಡಿಯ ಮುಂದೆ ದಿನವೂ ಮಾಡು.

ಓಡುತ್ತಾ ನಿಲ್ಲುವುದಕ್ಕೂ ಕ್ರಮವಿದೆ. ಒಂದೇ ದೊಡ್ಡ ಹೆಜ್ಜೆಯಲ್ಲಿ ಬ್ರೇಕ್ ಹಾಕಬಾರದು. ಕೊನೆಯ ಎರಡು ಮೂರು ಹೆಜ್ಜೆ ಗಿಡ್ಡವಾಗಬೇಕು, ಸೊಂಟ ಕೆಳಗಿಳಿಯಬೇಕು, ಎದೆ ಮೊಣಕಾಲಿನ ಮೇಲೆ ಬರಬೇಕು. ಒಳ್ಳೆಯ ರೈಡರ್‌ಗಳನ್ನು ಟಿವಿಯಲ್ಲಿ ನೋಡುವಾಗ ಅವರ ಕೈಯನ್ನು ಬಿಟ್ಟು ಸೊಂಟವನ್ನು ನೋಡಿ. ಅವರು ಎಷ್ಟು ತಗ್ಗಿನಲ್ಲಿ ಆಡುತ್ತಾರೆ! ತಗ್ಗಿನಲ್ಲಿರುವವನನ್ನು ಡ್ಯಾಶ್ ಮಾಡಿ ಹೊರಗೆ ಹಾಕುವುದು ಕಷ್ಟ, ಅವನು ಯಾವ ದಿಕ್ಕಿಗೆ ಹೊರಡುತ್ತಾನೆಂದು ಊಹಿಸುವುದೂ ಕಷ್ಟ. ಅಂಕ ತರುವ ಭಂಗಿಯೂ ಮೊಣಕಾಲು ಉಳಿಸುವ ಭಂಗಿಯೂ ಒಂದೇ ಎಂದು ನಾನು ಆಗ ಹೇಳಿದ್ದು ಇದನ್ನೇ.

ಇದರಿಂದ ನಿಜವಾಗಿಯೂ ಗಾಯ ಕಡಿಮೆಯಾಗುತ್ತದೆಯೇ ಎಂದು ಕೇಳುವ ಹಕ್ಕು ನಿಮಗಿದೆ. ನಾರ್ವೆ ದೇಶದಲ್ಲಿ 13ರಿಂದ 17 ವರ್ಷದ ಹುಡುಗಿಯರ ಫುಟ್‌ಬಾಲ್ ಕ್ಲಬ್‌ಗಳಲ್ಲಿ ದೊಡ್ಡ ಪರೀಕ್ಷೆ ನಡೆಯಿತು. 125 ಕ್ಲಬ್‌ಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ 'ಎಲೆವೆನ್ ಪ್ಲಸ್' ಎಂಬ ವಾರ್ಮ್‌ಅಪ್ ಕೊಟ್ಟರು, ಇನ್ನೊಂದು ಗುಂಪು ಎಂದಿನಂತೆ ಆಡಿತು. ಫೀಫಾದ ವೈದ್ಯಕೀಯ ವಿಭಾಗ ಆಸ್ಲೋದ ತಜ್ಞರ ಜೊತೆಗೂಡಿ ರೂಪಿಸಿದ ಈ ಕ್ರಮದಲ್ಲಿ 15 ವ್ಯಾಯಾಮಗಳಿವೆ, ಇಪ್ಪತ್ತು ನಿಮಿಷ ಸಾಕು. ನಿಧಾನ ಓಟ, ಆಮೇಲೆ ಬಲ, ಸಮತೋಲ ಮತ್ತು ನೆಗೆತ, ಕೊನೆಗೆ ವೇಗದ ಓಟ ಮತ್ತು ತಿರುವು. 2008ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ವಾರ್ಮ್‌ಅಪ್ ಮಾಡಿದ ಗುಂಪಿನಲ್ಲಿ ಗಾಯಗಳು ಒಟ್ಟಾರೆ ಮೂರನೇ ಒಂದರಷ್ಟು, ತೀವ್ರ ಗಾಯಗಳು ಹತ್ತಿರ ಹತ್ತಿರ ಅರ್ಧದಷ್ಟು ಕಡಿಮೆ ಇದ್ದವು. ಹಣ ಖರ್ಚಿಲ್ಲ, ಉಪಕರಣವಿಲ್ಲ. ವಾರಕ್ಕೆ ಎರಡು ಸಲವಾದರೂ ತಪ್ಪದೆ ಮಾಡಬೇಕು ಎನ್ನುವುದೊಂದೇ ಷರತ್ತು. ಪಂದ್ಯದ ದಿನ ಮಾತ್ರ ಮಾಡಿದರೆ ಅದು ಮೈ ಬಿಸಿ ಮಾಡುತ್ತದೆ ಅಷ್ಟೇ.

ನಮ್ಮಲ್ಲಿ ವಾರ್ಮ್‌ಅಪ್ ಎಂದರೆ ಮೈದಾನಕ್ಕೆ ಎರಡು ಸುತ್ತು, ಆಮೇಲೆ ವೃತ್ತಾಕಾರದಲ್ಲಿ ನಿಂತು ಕಾಲು ಚಾಚಿ ಹಿಗ್ಗಿಸುವುದು. ಹಿಗ್ಗಿಸುವುದರಿಂದ ತೊಂದರೆಯಿಲ್ಲ, ಆದರೆ ಗಾಯ ತಡೆಯುವ ಶಕ್ತಿ ಅದಕ್ಕಿದೆಯೆಂಬ ನಂಬಿಕೆಗೆ ಆಧಾರವಿಲ್ಲ. 25 ಪರೀಕ್ಷೆಗಳನ್ನು, ಇಪ್ಪತ್ತಾರು ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದ ಡೆನ್ಮಾರ್ಕಿನ ಸಂಶೋಧಕರಿಗೆ ಹಿಗ್ಗಿಸುವಿಕೆಯಿಂದ ಪ್ರಯೋಜನ ಕಾಣಲಿಲ್ಲ, ಬಲದ ವ್ಯಾಯಾಮದಿಂದ ಗಾಯಗಳು ಮೂರನೇ ಒಂದಕ್ಕಿಂತಲೂ ಕೆಳಗಿಳಿದದ್ದು ಕಂಡಿತು. ಅಂದರೆ ತೊಡೆ, ಸೊಂಟ, ಹೊಟ್ಟೆ, ಭುಜ ಇವುಗಳ ಬಲವೇ ನಮ್ಮ ನಿಜವಾದ ರಕ್ಷಾಕವಚ. ತೊಡೆಯ ಹಿಂಭಾಗಕ್ಕೆ ಒಂದು ಒಳ್ಳೆಯ ವ್ಯಾಯಾಮವಿದೆ: ಮೊಣಕಾಲೂರಿ ಮೈ ನೆಟ್ಟಗಿಟ್ಟು ನಿಲ್ಲಿ, ಗೆಳೆಯ ಹಿಂದಿನಿಂದ ಎರಡೂ ಹಿಮ್ಮಡಿ ಒತ್ತಿಹಿಡಿಯಲಿ, ಸೊಂಟ ಬಗ್ಗಿಸದೆ ಸಾಧ್ಯವಾದಷ್ಟು ನಿಧಾನವಾಗಿ ಮುಂದಕ್ಕೆ ಬೀಳುತ್ತಾ ಹೋಗಿ, ಕೊನೆಗೆ ಕೈಯೂರಿ. ನಾರ್ಡಿಕ್ ಎಂದು ಇದಕ್ಕೆ ಹೆಸರು. ಇದನ್ನು ಸೇರಿಸಿಕೊಂಡ ತಂಡಗಳಲ್ಲಿ ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಸ್ನಾಯುವಿನ ಗಾಯ ಅರ್ಧದಷ್ಟಾಗುತ್ತದೆ. ಮೊದಲ ವಾರ ತೊಡೆ ನೋಯುತ್ತದೆ, ಮೆಟ್ಟಿಲು ಇಳಿಯಲು ಕಷ್ಟವಾಗುತ್ತದೆ. ಆದ್ದರಿಂದ ಮೂರು ನಾಲ್ಕು ಸಲದಿಂದ ಶುರು ಮಾಡಿ, ಪಂದ್ಯಾಟದ ವಾರದಲ್ಲಿ ಹೊಸದಾಗಿ ಆರಂಭಿಸಬೇಡಿ. ಸೆವೆನ್ಸ್ ಫುಟ್‌ಬಾಲ್ ಆಡುವವರು, ಓಟಗಾರರು ಇದನ್ನು ಬಿಡಲೇಬಾರದು.

ಇನ್ನು ಬೀಳುವುದು. ಕಬಡ್ಡಿಯಲ್ಲಿ ಬೀಳದವರಿಲ್ಲ. ಕೈ ಕೈ ಹಿಡಿದು ಚೈನ್ ಕಟ್ಟಿ ರೈಡರನ್ನು ಕೆಡವಿದಾಗ ಅವನು ಸಹಜವಾಗಿ ಕೈ ಚಾಚುತ್ತಾನೆ. ಮೇಲೆ ಮೂರು ಜನರ ಭಾರ. ಮುಂಗೈ ಮುರಿಯುವುದು, ಮೊಣಕೈ ತಪ್ಪುವುದು, ಭುಜ ಜಾರುವುದು ಎಲ್ಲವೂ ಹೀಗೆಯೇ. ಗಲ್ಲ ಎದೆಗೆ ತಂದು, ಕೈ ಮಡಚಿ, ಭುಜದ ಹಿಂಭಾಗದ ಮೇಲೆ ಉರುಳಿ ಬೀಳುವುದನ್ನು ಮೆತ್ತಗಿನ ಹುಲ್ಲಿನ ಮೇಲೆ, ಮೊದಲು ಕುಳಿತಲ್ಲಿಂದ, ಆಮೇಲೆ ನಿಂತಲ್ಲಿಂದ, ಆಮೇಲೆ ತಳ್ಳಿಸಿಕೊಂಡು ಕಲಿಯಬೇಕು. ಭುಜ ಒಂದು ಸಲ ಜಾರಿದ ಇಪ್ಪತ್ತರೊಳಗಿನ ಹುಡುಗನಿಗೆ ಅದು ಮತ್ತೆ ಜಾರುವ ಸಾಧ್ಯತೆ ತುಂಬಾ ಹೆಚ್ಚು. ಈ ಸಭೆಯಲ್ಲಿಯೂ ತನ್ನ ಭುಜವನ್ನು ತಾನೇ ಕೂರಿಸಿಕೊಂಡು ಆಟ ಮುಂದುವರಿಸಿದವರು ಇದ್ದಾರೆಂದು ನನಗೆ ಗೊತ್ತು, ಅದನ್ನು ಗೆಳೆಯರು ಪರಾಕ್ರಮವೆಂದು ಹೇಳಿಕೊಂಡು ತಿರುಗುತ್ತಾರೆ. ಪ್ರತಿ ಸಲ ಜಾರಿದಾಗಲೂ ಭುಜದ ಕೀಲಿನ ಅಂಚು ಸವೆಯುತ್ತಿದೆ. ದಯವಿಟ್ಟು ತೋರಿಸಿಕೊಳ್ಳಿ.

ತಲೆಗೆ ಪೆಟ್ಟಾದರೆ ಚರ್ಚೆಯೇ ಬೇಡ. ಕಣ್ಣು ಮಂಜಾಯಿತು, ಸ್ಕೋರ್ ನೆನಪಿಲ್ಲ, ವಾಂತಿ ಬಂದಂತಾಯಿತು, ನಡಿಗೆ ತಪ್ಪಿತು, ಇವುಗಳಲ್ಲಿ ಒಂದೇ ಇದ್ದರೂ ಅವನು ಆ ದಿನ ಮತ್ತೆ ಅಂಕಣಕ್ಕಿಳಿಯಬಾರದು. ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸಿ ಆಡಿಸುವ ಪದ್ಧತಿ ನಿಲ್ಲಲಿ.

ಈಗ ನೆಲದ ಬಗ್ಗೆ. ನಮ್ಮದು ಮುರಕಲ್ಲಿನ ನಾಡು. ಪದವಿನ ಮೇಲೆ ತೆಳುವಾಗಿ ಮಣ್ಣು ಹರವಿ ಅಂಕಣ ಮಾಡುತ್ತೇವೆ. ಮೇಲೆ ಮ್ಯಾಟ್ ಹಾಸಿದರೆ ಎಲ್ಲ ಸರಿಯಾಯಿತೆಂದು ತಿಳಿಯುತ್ತೇವೆ. ಮ್ಯಾಟಿನ ತುಂಡುಗಳ ನಡುವೆ ಬೆರಳು ಹೋಗುವಷ್ಟು ಸಂದು ಬಿಟ್ಟಿದ್ದರೆ ಅಲ್ಲಿ ಕಾಲ್ಬೆರಳು ಸಿಕ್ಕಿಕೊಳ್ಳುತ್ತದೆ. ಕೆಳಗೆ ಕಲ್ಲಿನ ಮೊನೆ ಇದ್ದರೆ ಮ್ಯಾಟ್ ಅದನ್ನು ಮರೆಮಾಡುತ್ತದೆಯೇ ಹೊರತು ಸಪಾಟು ಮಾಡುವುದಿಲ್ಲ. ಇನ್ನೊಂದು ಸೂಕ್ಷ್ಮವೂ ಇದೆ. ವರ್ಷವಿಡೀ ಬರಿಗಾಲಿನಲ್ಲಿ ಮಣ್ಣಿನ ಮೇಲೆ ಅಭ್ಯಾಸ ಮಾಡಿದ ಹುಡುಗ ಪಂದ್ಯಾಟದ ದಿನ ಹೊಸ ಶೂ ಹಾಕಿ ಮ್ಯಾಟಿಗಿಳಿಯುತ್ತಾನೆ. ಮಣ್ಣಿನಲ್ಲಿ ಪಾದ ಸ್ವಲ್ಪ ಜಾರಿ ತಿರುಗುತ್ತಿತ್ತು, ಮ್ಯಾಟಿನಲ್ಲಿ ಶೂ ಕಚ್ಚಿಕೊಳ್ಳುತ್ತದೆ. ಪಾದ ತಿರುಗದಿದ್ದರೆ ಆ ತಿರುವೆಲ್ಲ ಮೊಣಕಾಲಿಗೆ ಬರುತ್ತದೆ. ಪಂದ್ಯಾಟ ಮ್ಯಾಟಿನಲ್ಲಿದ್ದರೆ ಕನಿಷ್ಠ ಕೊನೆಯ ಕೆಲವು ವಾರಗಳ ಅಭ್ಯಾಸವೂ ಮ್ಯಾಟಿನಲ್ಲಿ, ಅದೇ ಶೂವಿನಲ್ಲಿ ನಡೆಯಲಿ. ಆಟಿ ತಿಂಗಳ ಕೆಸರುಗದ್ದೆಯ ಆಟ ನನಗೂ ಇಷ್ಟ, ಅದರ ಸಂಭ್ರಮವೇ ಬೇರೆ. ಆದರೆ ಗದ್ದೆಗಿಳಿಯುವ ಮೊದಲು ಗಾಜು, ಕಲ್ಲು ಆರಿಸಿ ತೆಗೆಯಲು ನಾಲ್ಕು ಜನರನ್ನು ನೇಮಿಸಿ, ಕೆಸರಿನಲ್ಲಿ ಹೂತ ಕಾಲನ್ನು ತಿರುಚಿ ಎಳೆಯಬೇಡಿ ಎಂದು ಮೈಕಿನಲ್ಲಿ ಹೇಳಿ.

ಸಂಘಟಕರೇ, ನಿಮ್ಮ ಮೇಲೆ ಪ್ರೀತಿಯಿಂದಲೇ ಒಂದು ಆಕ್ಷೇಪವಿದೆ. ನಮ್ಮ ಆಟಗಾರ ವಾರವಿಡೀ ಅಡಿಕೆ ತೋಟದಲ್ಲಿ, ಅಂಗಡಿಯಲ್ಲಿ, ಪಿಕ್‌ಅಪ್ ವಾಹನದಲ್ಲಿ ದುಡಿಯುತ್ತಾನೆ. ಅಭ್ಯಾಸ ಸಂಜೆ ಸಿಕ್ಕಿದಷ್ಟು. ಪಂದ್ಯಾಟದ ಋತು ಬಂದರೆ ಶನಿವಾರ ಒಂದು ಊರು, ಭಾನುವಾರ ಇನ್ನೊಂದು. ಉದ್ಘಾಟನೆ, ಭಾಷಣ, ಸನ್ಮಾನಗಳು ಮುಗಿದು ಮೊದಲ ಪಂದ್ಯ ಶುರುವಾಗುವಾಗಲೇ ತಡವಾಗಿರುತ್ತದೆ, ಫೈನಲ್ ಮುಗಿಯುವಾಗ ಬೆಳಗಿನ ಜಾವ. ಗೆದ್ದ ತಂಡ ಒಂದೇ ರಾತ್ರಿ ನಾಲ್ಕೈದು ಪಂದ್ಯ ಆಡಿರುತ್ತದೆ. ದೇಹಕ್ಕೆ ಪರಿಚಯವಿಲ್ಲದ ಭಾರವನ್ನು ಒಮ್ಮೆಲೇ ಹೇರಿದಾಗಲೇ ಹೆಚ್ಚು ಗಾಯಗಳಾಗುವುದು. ದಣಿದ ಸ್ನಾಯು ಮೊಣಕಾಲನ್ನು ಹಿಡಿದಿಡಲಾರದು. ನಿದ್ರೆಯ ಲೆಕ್ಕವೂ ಇದೆ: ಅಮೆರಿಕದಲ್ಲಿ ಶಾಲಾ ಆಟಗಾರರನ್ನು ಗಮನಿಸಿದಾಗ ಎಂಟು ಗಂಟೆಗಿಂತ ಕಡಿಮೆ ಮಲಗುವವರಿಗೆ ಗಾಯದ ಸಾಧ್ಯತೆ 1.7 ಪಟ್ಟು ಇತ್ತು. ತಂಡಗಳ ಸಂಖ್ಯೆ ಇಳಿಸಿ, ಅಥವಾ ಎರಡು ದಿನಕ್ಕೆ ಹಂಚಿ, ಭಾಷಣಗಳನ್ನು ಗಿಡ್ಡ ಮಾಡಿ. ಆಳೆತ್ತರದ ಟ್ರೋಫಿಯ ಹಣದಲ್ಲಿ ಒಂದು ಭಾಗವನ್ನು ಸ್ಟ್ರೆಚರ್, ಮಂಜುಗಡ್ಡೆಯ ಪೆಟ್ಟಿಗೆ, ಕಟ್ಟುವ ಬಟ್ಟೆ ಮತ್ತು ಪ್ರಥಮ ಚಿಕಿತ್ಸೆ ತಿಳಿದ ಒಬ್ಬ ವ್ಯಕ್ತಿಗಾಗಿ ಎತ್ತಿಡಿ. ಲಿಗಮೆಂಟ್ ಹರಿದ ಹುಡುಗನ ಮನೆಯವರು ಎಂಆರ್‌ಐಗಾಗಿ ಮಂಗಳೂರಿಗೆ ಹೋಗಿ, ಶಸ್ತ್ರಚಿಕಿತ್ಸೆಗೆ ಒಡವೆ ಅಡವಿಡುವುದನ್ನು ನಾನು ನೋಡುತ್ತಲೇ ಇದ್ದೇನೆ. ಆಗ ಅವನು ತಂದ ಟ್ರೋಫಿ ಸಂಘದ ಕಪಾಟಿನಲ್ಲಿರುತ್ತದೆ. ಆಟಗಾರರಿಗೆ ವಿಮೆ ಮಾಡಿಸುವುದನ್ನು ಈ ವರ್ಷದಿಂದಲೇ ಯೋಚಿಸಬೇಕು.

ಗಾಯವಾದ ಮೇಲೆ ಮೊದಲ ಎರಡು ಮೂರು ದಿನ ಮುಖ್ಯ. ನಮ್ಮ ಮನೆಗಳಲ್ಲಿ ನೋವಿಗೆ ಹಚ್ಚುವ ಮುರಿವೆಣ್ಣ ಎಂಬ ಎಣ್ಣೆಯ ಬಾಟಲಿ ಇದ್ದೇ ಇರುತ್ತದೆ. ಎಣ್ಣೆಯ ಮೇಲೆ ನನಗೆ ಜಗಳವಿಲ್ಲ. ಹೊಸ ಗಾಯವನ್ನು ಬಲವಾಗಿ ತಿಕ್ಕುವುದು, ಉಳುಕು ತೆಗೆಯುವುದೆಂದು ಎಳೆಯುವುದು, ಬಿಸಿ ನೀರು ಹೊಯ್ಯುವುದು, ಇವು ಒಳಗಿನ ರಕ್ತಸ್ರಾವವನ್ನೂ ಊತವನ್ನೂ ಹೆಚ್ಚಿಸುತ್ತವೆ. ಕಾಲನ್ನು ಎತ್ತರಕ್ಕಿಡಿ, ಬಟ್ಟೆಯಿಂದ ಬಿಗಿಯಾಗಿ ಆದರೆ ಬೆರಳು ತಣ್ಣಗಾಗದಂತೆ ಕಟ್ಟಿ, ನೋವಿಗೆ ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಸ್ವಲ್ಪ ಹೊತ್ತು ಇಡಬಹುದು. ಮಂಜುಗಡ್ಡೆ ನೋವು ಇಳಿಸುತ್ತದೆ, ಗಾಯ ವಾಸಿ ಮಾಡುವುದಿಲ್ಲ. ವಿಶ್ರಾಂತಿ, ಮಂಜುಗಡ್ಡೆ, ಬಿಗಿತ, ಎತ್ತರ ಎಂಬ ನಾಲ್ಕು ಅಂಶಗಳ ಸೂತ್ರವನ್ನು 1978ರಲ್ಲಿ ಹೇಳಿಕೊಟ್ಟ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ಅವರೇ ಮುಂದೆ ಮಂಜುಗಡ್ಡೆಯ ಬಗ್ಗೆ ತಮ್ಮ ಅಭಿಪ್ರಾಯ ಬದಲಿಸಿದರು. ಪೂರ್ತಿ ಮಲಗಿಬಿಡುವುದೂ ತಪ್ಪು, ನೋವು ಅನುಮತಿಸಿದಷ್ಟು ಬೇಗ ಕೀಲನ್ನು ಅಲ್ಲಾಡಿಸಲು ಶುರು ಮಾಡಬೇಕು. ಆದರೆ ಒಂದು ಲಕ್ಷಣವನ್ನು ನೆನಪಿಡಿ: ಪೆಟ್ಟಾದ ಒಂದೆರಡು ಗಂಟೆಯೊಳಗೆ ಮೊಣಕಾಲು ಚೆಂಡಿನ ಹಾಗೆ ಊದಿದರೆ ಒಳಗೆ ರಕ್ತ ತುಂಬಿದೆ. ಅದು ಉಳುಕಲ್ಲ. ಮರುದಿನ ಸಂಜೆಯವರೆಗೆ ಕಾಯಬೇಡಿ.

ಪಾದದ ಕೀಲಿನ ಉಳುಕನ್ನು ಹಗುರವಾಗಿ ಕಾಣಬೇಡಿ. ಒಮ್ಮೆ ಉಳುಕಿದ್ದೇ ಮುಂದಿನ ಉಳುಕಿಗೆ ದೊಡ್ಡ ಕಾರಣ, ಏಕೆಂದರೆ ಲಿಗಮೆಂಟಿನ ಜೊತೆಗೆ ಪಾದ ಎಲ್ಲಿದೆಯೆಂಬ ಅರಿವೂ ಕೆಡುತ್ತದೆ. ಬೆಳಿಗ್ಗೆ ಹಲ್ಲುಜ್ಜುವಾಗ ಒಂದು ಕಾಲಿನಲ್ಲಿ ನಿಲ್ಲಿ, ಅಭ್ಯಾಸವಾದ ಮೇಲೆ ಕಣ್ಣುಮುಚ್ಚಿ ನಿಲ್ಲಿ. ಒಂದು ವರ್ಷ ಆಡುವಾಗ ಟೇಪ್ ಅಥವಾ ಪಟ್ಟಿ ಕಟ್ಟಿಕೊಳ್ಳಿ.

ನಮ್ಮ ಗಡಿನಾಡಿನಲ್ಲಿ ಇನ್ನೊಂದು ತೊಡಕಿದೆ. ಆಸ್ಪತ್ರೆಯ ಚೀಟಿ ಇಂಗ್ಲಿಷಿನಲ್ಲಿ, ನರ್ಸ್ ವಿವರಿಸಿದ್ದು ಮಲಯಾಳದಲ್ಲಿ, ಹುಡುಗ ಓದಿದ್ದು ಕನ್ನಡ, ಮನೆಯಲ್ಲಿ ಅಜ್ಜಿಗೆ ಹೇಳುವುದು ತುಳುವಿನಲ್ಲಿ. ಅಷ್ಟರಲ್ಲಿ 'ಆರು ವಾರದ ನಂತರ ವ್ಯಾಯಾಮ ಹೆಚ್ಚಿಸಿ' ಎಂಬುದು 'ಆರು ವಾರದ ನಂತರ ಆಡಬಹುದು' ಎಂದಾಗಿರುತ್ತದೆ. ಅರ್ಥವಾಗದಿದ್ದರೆ ಮತ್ತೆ ಕೇಳಲು ಸಂಕೋಚ ಬೇಡ. ಶಿಕ್ಷಕರೇ, ಮಕ್ಕಳ ಚೀಟಿಯನ್ನು ಓದಿ ಹೇಳುವ ಉಪಕಾರವನ್ನು ನೀವು ಮಾಡಿ.

ಕುಂಬಳೆಯ ಹೆಸರು ಬಂದರೆ ಅನಿಲ್ ಕುಂಬ್ಳೆ ನೆನಪಾಗದೆ ಇರುವುದಿಲ್ಲ, ಅವರ ಮನೆತನದ ಬೇರು ಇಲ್ಲಿಯದು. 2002ರಲ್ಲಿ ಆಂಟಿಗಾದಲ್ಲಿ ಮುರಿದ ದವಡೆಗೆ ಪಟ್ಟಿ ಸುತ್ತಿಕೊಂಡು 14 ಓವರ್ ಎಸೆದು ಬ್ರಯಾನ್ ಲಾರಾ ವಿಕೆಟ್ ತೆಗೆದ ಕಥೆಯನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ಹೇಳಬೇಕು ಕೂಡ. ಆದರೆ ಅದಕ್ಕೆ ಮೊದಲಿನ ವರ್ಷದ ಕಥೆಯನ್ನು ಯಾರೂ ಹೇಳುವುದಿಲ್ಲ. 2001ರಲ್ಲಿ ಅವರ ಭುಜಕ್ಕೆ ಶಸ್ತ್ರಚಿಕಿತ್ಸೆಯಾಯಿತು. ಆಸ್ಟ್ರೇಲಿಯಾ ವಿರುದ್ಧದ ಆ ಪ್ರಸಿದ್ಧ ಸರಣಿ, ಕೋಲ್ಕತ್ತಾದ ಆ ಪಂದ್ಯ, ಎಲ್ಲವನ್ನೂ ಅವರು ಹೊರಗಿನಿಂದ ನೋಡಿದರು. ತಿಂಗಳುಗಳ ಕಾಲ ಭುಜವನ್ನು ಮತ್ತೆ ಕಟ್ಟಿಕೊಂಡು ಬಂದರು. ಅವರ 619 ಟೆಸ್ಟ್ ವಿಕೆಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಂದದ್ದು ಆ ಬಿಡುವಿನ ನಂತರ. ನನ್ನ ಮಟ್ಟಿಗೆ ದವಡೆಯ ಕಥೆಗಿಂತ ಭುಜದ ಕಥೆಯೇ ಹೆಚ್ಚು ಧೈರ್ಯದ್ದು.

ಹುಡುಗಿಯರ ಬಗ್ಗೆ ತಾಯಂದಿರಿಗೆ ಎರಡು ಮಾತು. ಒಂದೇ ರೀತಿಯ ಆಟ ಆಡುವಾಗ ಹುಡುಗಿಯರಿಗೆ ಎಸಿಎಲ್ ಗಾಯದ ಸಂಭವ ಹುಡುಗರಿಗಿಂತ ಹಲವು ಪಟ್ಟು ಹೆಚ್ಚು. ಅದಕ್ಕೆ ಪರಿಹಾರ ಆಟ ಬಿಡಿಸುವುದಲ್ಲ, ಬಲ ಮತ್ತು ಇಳಿತದ ತರಬೇತಿಯನ್ನು ಹನ್ನೆರಡು ಹದಿಮೂರರಲ್ಲೇ ಆರಂಭಿಸುವುದು. ಮೇಲೆ ಹೇಳಿದ ನಾರ್ವೆಯ ಪರೀಕ್ಷೆ ಹುಡುಗಿಯರ ಮೇಲೆಯೇ ನಡೆದದ್ದು. ಎರಡನೆಯದು, ಅಭ್ಯಾಸ ಹೆಚ್ಚಾದ ಕಾಲದಲ್ಲಿ ಮುಟ್ಟು ತಿಂಗಳುಗಟ್ಟಲೆ ನಿಂತರೆ 'ಒಳ್ಳೆಯದೇ ಆಯಿತು' ಎಂದು ಸುಮ್ಮನಿರಬೇಡಿ. ಅವಳು ಖರ್ಚು ಮಾಡುವಷ್ಟು ಶಕ್ತಿ ಊಟದಲ್ಲಿ ಸಿಗುತ್ತಿಲ್ಲ, ಮೂಳೆ ದುರ್ಬಲವಾಗುತ್ತಿದೆ ಎಂಬ ಸೂಚನೆಯದು. ಶಾಲೆಯಿಂದ ನೇರ ಮೈದಾನಕ್ಕೆ ಹೋಗುವವಳ ಚೀಲದಲ್ಲಿ ಬಾಳೆಹಣ್ಣು, ನೆಲಗಡಲೆ, ಮೊಟ್ಟೆ ಏನಾದರೊಂದು ಇರಲಿ.

ಉಪನ್ಯಾಸದ ಬಳಿಕ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಕೊಟ್ಟಿದ್ದೇನೆ.

ದೈಹಿಕ ಶಿಕ್ಷಕರೊಬ್ಬರು ಕೇಳಿದರು: "ಉಪಜಿಲ್ಲಾ ಕ್ರೀಡೋತ್ಸವಕ್ಕೆ ಮೊದಲು ನಮಗೆ ಸಿಗುವುದೇ ಒಂದು ಗಂಟೆ. ಅದರಲ್ಲಿ ಇಪ್ಪತ್ತು ನಿಮಿಷ ಇದಕ್ಕೆ ಕೊಟ್ಟರೆ ಆಟ ಕಲಿಸುವುದು ಯಾವಾಗ? ಮಕ್ಕಳಿಗೂ ಕ್ರೀಡೆಗೆ ಸಿಗುವ ಗ್ರೇಸ್ ಮಾರ್ಕಿನ ಆಸೆ, ಕಾಲು ನೋವಿದ್ದರೂ ಹೇಳುವುದಿಲ್ಲ."

ಮಾಸ್ತರರೇ, ಇಪ್ಪತ್ತು ನಿಮಿಷವನ್ನು ಆಟದ ಒಳಗೇ ತನ್ನಿ. ಬೋನಸ್ ಗೆರೆಗೆ ಓಡಿ, ತಗ್ಗಿ ನಿಂತು, ತಿರುಗಿ ಬರುವುದನ್ನು ಪ್ರತಿ ಮಗುವಿಗೆ ಎರಡೂ ಕಾಲಿನಲ್ಲಿ ಮಾಡಿಸಿ. ನೀವು ಅಂಕವನ್ನಲ್ಲ, ಮೊಣಕಾಲನ್ನು ನೋಡಿ. ಆಮೇಲೆ ನೀವು ಕೈ ತೋರಿಸಿದ ದಿಕ್ಕಿಗೆ ಕೊನೆಯ ಕ್ಷಣದಲ್ಲಿ ತಿರುಗಲಿ, ಏಕೆಂದರೆ ಪಂದ್ಯದಲ್ಲಿ ದಿಕ್ಕು ಮೊದಲೇ ಗೊತ್ತಿರುವುದಿಲ್ಲ. ಇದು ರೈಡಿನ ಪಾಠವೂ ಹೌದು. ನೋವು ಮುಚ್ಚಿಡುವ ಮಕ್ಕಳಿಗೆ ಬೈಯಬೇಡಿ. ನೋವು ಹೇಳಿದ ಮಗುವಿನ ಜಾಗ ತಂಡದಲ್ಲಿ ಉಳಿಯುತ್ತದೆ ಎಂಬ ನಂಬಿಕೆ ಬಂದರೆ ಅವರೇ ಹೇಳುತ್ತಾರೆ. ಎತ್ತರ ಬೇಗ ಬೇಗ ಬೆಳೆಯುವ ವರ್ಷದಲ್ಲಿ ಮೊಣಕಾಲಿನ ಕೆಳಗಿನ ಗುಬುಟು ಅಥವಾ ಹಿಮ್ಮಡಿ ನೋಯುವುದು ಸಾಮಾನ್ಯ. ಆಗ ನೆಗೆತ ಮತ್ತು ಓಟವನ್ನು ಕೆಲವು ವಾರ ಇಳಿಸಿದರೆ ಸಾಕು.

ಕೊನೆಯದಾಗಿ ಕೇಳಿದವನು ಕಾರ್ನರ್ ಆಡುವ ಹುಡುಗ. "ಎಸಿಎಲ್ ಶಸ್ತ್ರಚಿಕಿತ್ಸೆಯಾಗಿ ಐದು ತಿಂಗಳಾಯಿತು, ನೋವಿಲ್ಲ, ಬೈಕ್ ಓಡಿಸುತ್ತೇನೆ. ರೈಡ್ ಮಾಡುವುದಿಲ್ಲ, ಡಿಫೆನ್ಸ್ ಮಾತ್ರ ಆಡಬಹುದೇ?"

ಬೇಡ ತಮ್ಮಾ. ನೋವು ಇಲ್ಲದಿರುವುದಕ್ಕೂ ಹೊಸ ಲಿಗಮೆಂಟ್ ಗಟ್ಟಿಯಾಗಿರುವುದಕ್ಕೂ ಸಂಬಂಧವಿಲ್ಲ. ನಾರ್ವೆ ಮತ್ತು ಅಮೆರಿಕದ ತಜ್ಞರು ಸೇರಿ ಮಾಡಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂಬತ್ತು ತಿಂಗಳವರೆಗೆ ಆಟಕ್ಕೆ ಮರಳುವುದನ್ನು ಒಂದೊಂದು ತಿಂಗಳು ಮುಂದೂಡಿದಂತೆಲ್ಲ ಮರುಗಾಯದ ಪ್ರಮಾಣ ಅರ್ಧರ್ಧ ಇಳಿಯುತ್ತಾ ಹೋಗಿತ್ತು. ನೀನು ಆಡುವ ಜಾಗವೂ ಸುಲಭದ್ದಲ್ಲ. ರೈಡರ್‌ನ ಪಾದದ ಕೀಲನ್ನು ಹಿಡಿಯುವ ಆ್ಯಂಕಲ್ ಹೋಲ್ಡ್ ಹಾಕಿದಾಗ ನಿನ್ನ ಮೊಣಕಾಲು ಪೂರ್ತಿ ಮಡಚಿರುತ್ತದೆ, ರೈಡರ್ ನಿನ್ನನ್ನು ಎಳೆದುಕೊಂಡು ನಡುಗೆರೆಯ ಕಡೆಗೆ ತಿರುಗುತ್ತಾನೆ, ನಿನ್ನ ತಂಡದವರೇ ನಿನ್ನ ಮೇಲೆ ಬೀಳುತ್ತಾರೆ. ಒಂಬತ್ತು ತಿಂಗಳು ತುಂಬಿದ ಮೇಲೂ ಎರಡು ಪರೀಕ್ಷೆ ಪಾಸಾಗಬೇಕು. ಒಂದೇ ಕಾಲಿನಲ್ಲಿ ಮುಂದಕ್ಕೆ ನೆಗೆದು ಅಲುಗಾಡದೆ ನಿಲ್ಲು, ದೂರವನ್ನು ಅಳೆ. ಶಸ್ತ್ರಚಿಕಿತ್ಸೆಯಾದ ಕಾಲು ಇನ್ನೊಂದರ ಶೇಕಡಾ 90ರಷ್ಟಾದರೂ ನೆಗೆಯಬೇಕು. ತೊಡೆಯ ಬಲವೂ ಅಷ್ಟೇ ಇರಬೇಕು, ಅದನ್ನು ನಾವು ಅಳೆದು ಹೇಳುತ್ತೇವೆ. ಅಲ್ಲಿಯವರೆಗೆ ವಾರಕ್ಕೆ ಮೂರು ದಿನ ಬಲದ ವ್ಯಾಯಾಮ ಮಾಡು. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರು ಒಪ್ಪಿದರೆ ಈ ತಿಂಗಳಿನಿಂದ ನೇರ ಓಟ ಮಾಡಬಹುದು, ತಿರುವು ಇನ್ನೂ ಬೇಡ. ಜನವರಿಯ ಪಂದ್ಯಾಟವನ್ನು ಬಿಟ್ಟುಬಿಡು. ನಾಳೆ ಬೆಳಿಗ್ಗೆ ಚೀಟಿ, ಎಂಆರ್‌ಐ ಫಿಲ್ಮ್ ಎಲ್ಲ ತೆಗೆದುಕೊಂಡು ಬಾ, ಮುಂದಿನ ನಾಲ್ಕು ತಿಂಗಳಲ್ಲಿ ಯಾವ ವಾರ ಏನು ಮಾಡಬೇಕೆಂದು ಕನ್ನಡದಲ್ಲೇ ಬರೆದುಕೊಡುತ್ತೇನೆ.